ಕಿರುಘಟನೆಗಳ ಕಡತ

ಕೆರೆಯ ಏರಿಯ ಬುಡದಲ್ಲಿ ನೀರು ಜಿನುಗುವುದು ನಮ್ಮ ತುಮಕೂರು ಸೀಮೆಯವರಿಗೆ ಹೊಸ ಸಂಗತಿಯಲ್ಲ. ಕುಣಿಗಲಿನ ದೊಡ್ಡಕೆರೆಯಾಗಲಿ, ಗುಬ್ಬಿಯ ಕೆರೆಯಾಗಲಿ, ಊರ ಮಗ್ಗುಲ ಅಮಾನಿಕೆರೆಯಾಗಲಿ, ತುಂಬಿದ ವರ್ಷ ಏರಿಯ ಹೊರಮೈ ಒಂದಿಷ್ಟು ಒದ್ದೆಯಾಗಿಯೇ ಇರುತ್ತದೆ. ಹಿಂದಿನ ನೀರಗಂಟಿಗೆ ಅದನ್ನು ನೋಡುವ ಕಣ್ಣಿತ್ತು. ಜಿನುಗುವ ನೀರು ತಿಳಿಯಾಗಿದ್ದರೆ ಅವನು ನಿಶ್ಚಿಂತೆಯಿಂದ ಮುಂದೆ ನಡೆಯುವನು. ಕದಡಿದ್ದರೆ ಅಲ್ಲಿಯೇ ನಿಲ್ಲುವನು. ಏತಕ್ಕೆಂದರೆ, ಕದಡಿದ ನೀರು ಏರಿಯ ಮಣ್ಣನ್ನು ಒಳಗಿನಿಂದ ಹೊತ್ತು ತರುತ್ತಿದೆಯೆಂದು ಅರ್ಥ. ಈ ವಿವೇಕ ದೊಡ್ಡದು. ಆದರೆ ಅದು ಇದ್ದುದು ನೀರಗಂಟಿಯ ತಲೆಯೊಳಗೆ. ಕುಣಿಗಲಿನವನು ಒಂದು ಮಳೆಗಾಲದಲ್ಲಿ ಕಂಡುಕೊಂಡದ್ದು ಗುಬ್ಬಿಯವನಿಗೆ ತಿಳಿಯುವಂತಿರಲಿಲ್ಲ. ಅವನು ಮಗನಿಗೆ ಹೇಳದೆ ತೀರಿಕೊಂಡರೆ ಕುಣಿಗಲಿಗೂ ತಿಳಿಯುವಂತಿರಲಿಲ್ಲ.

ಇದೇ ಕೊರತೆ ಪರಮಾಣು ವಿದ್ಯುತ್ ಸ್ಥಾವರಗಳನ್ನು ಕಟ್ಟಿದ ಮಹಾ ಮೇಧಾವಿಗಳನ್ನೂ ಕಾಡಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು. 1977ರ ಸೆಪ್ಟೆಂಬರ್ 24ರಂದು ಅಮೆರಿಕದ ಒಹಾಯೋ ಪ್ರಾಂತದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಒತ್ತಡವನ್ನು ಹೊರಬಿಡುವ ಕವಾಟವೊಂದು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳಲಿಲ್ಲ. ರಿಯಾಕ್ಟರಿನ ನೀರು ಸೋರುತ್ತಿದ್ದರೂ ಅಳತೆಯ ಮುಳ್ಳು ನೀರು ಏರುತ್ತಿರುವಂತೆ ತೋರಿಸಿತು. ಅದನ್ನು ನಂಬಿದ ನಿರ್ವಾಹಕರು ತುರ್ತು ನೀರಿನ ಪಂಪುಗಳನ್ನು ನಿಲ್ಲಿಸಿದರು. ಆ ದಿನ ರಿಯಾಕ್ಟರು ಅತ್ಯಲ್ಪ ಶಕ್ತಿಯಲ್ಲಿ ನಡೆಯುತ್ತಿದ್ದುದರಿಂದಲೂ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ನಿಜಸ್ಥಿತಿ ಹೊಳೆದುದರಿಂದಲೂ ಅಪಾಯ ತಪ್ಪಿತು. ರಿಯಾಕ್ಟರನ್ನು ತಯಾರಿಸಿದ ಸಂಸ್ಥೆಯ ಎಂಜಿನಿಯರಾದ ಬರ್ಟ್ ಡನ್ ಎಂಬವರು 1978ರ ಆರಂಭದಲ್ಲಿ, ಇಂಥ ಸಂದರ್ಭದಲ್ಲಿ ಪಂಪುಗಳನ್ನು ನಿಲ್ಲಿಸಕೂಡದೆಂದು ಎಲ್ಲ ಸ್ಥಾವರಗಳಿಗೂ ತಿಳಿಸಬೇಕೆಂದು ತಮ್ಮ ಮೇಲಿನವರಿಗೆ ಪತ್ರ ಬರೆದರು. ಪತ್ರ ಮೇಜಿನಿಂದ ಮೇಜಿಗೆ ಸಂಚರಿಸಿತು, ಸ್ಥಾವರಗಳನ್ನು ಮುಟ್ಟಲಿಲ್ಲ. ಮೊದಲ ಘಟನೆ ನಡೆದು ಒಂದೂವರೆ ವರ್ಷವಾದ ಮೇಲೆ, 1979ರ ಮಾರ್ಚ್ 28ರಂದು, ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡಿನಲ್ಲಿ ಅದೇ ಬಗೆಯ ಕವಾಟ ಅದೇ ರೀತಿ ತೆರೆದು ನಿಂತಿತು. ಅಲ್ಲಿಯೂ ಪಂಪುಗಳಿಗೆ ತಡೆಯಾಯಿತು. ಈ ಬಾರಿ ಸತ್ಯ ತಿಳಿಯಲು ಎರಡು ಗಂಟೆಗೂ ಮೀರಿ ಹಿಡಿಯಿತು. ರಿಯಾಕ್ಟರಿನ ಗರ್ಭದ ಸುಮಾರು ಅರ್ಧಭಾಗ ಕರಗಿಹೋಯಿತು.

ಸಾಮಗ್ರಿ ಇತ್ತು, ಬರೆದವನೂ ಇದ್ದ. ಓದಬೇಕಾದವನ ಕೈಗೆ ಅದು ಸೇರಲಿಲ್ಲ. ಆ ಬಳಿಕವೇ ಲೋಕ ಎಚ್ಚೆತ್ತುದು. ಸ್ಥಾವರಗಳಲ್ಲಿ ನಡೆಯುವ ಸಣ್ಣಪುಟ್ಟ ವೈಪರೀತ್ಯಗಳನ್ನೂ ಬರೆದು, ಕಾರಣವನ್ನು ಶೋಧಿಸಿ, ದೇಶದೇಶಗಳ ನಡುವೆ ಹಂಚಿಕೊಳ್ಳುವ ಏರ್ಪಾಡು 1980ರ ದಶಕದ ಮೊದಲ ವರ್ಷಗಳಲ್ಲಿ ಆರಂಭವಾಯಿತು. ಆಗಲೂ ಗೋಡೆಗಳು ಉಳಿದೇ ಇದ್ದವು. ಸೋವಿಯತ್ ದೇಶದ ಲೆನಿನ್‌ಗ್ರಾಡ್ ಸ್ಥಾವರದಲ್ಲಿ 1975ರಲ್ಲಿ ನಡೆದ ಅವಘಡದ ಪಾಠವನ್ನು ಅದೇ ಮಾದರಿಯ ಇತರ ಸ್ಥಾವರಗಳ ನಿರ್ವಾಹಕರಿಗೆ ತಿಳಿಸದೆ ಮುಚ್ಚಿಟ್ಟರು. 1986ರ ಏಪ್ರಿಲ್ 26ರ ಚೆರ್ನೋಬಿಲ್ ಅದರ ಫಲವನ್ನು ಉಂಡಿತು. ಸ್ಥಾವರಗಳನ್ನು ನಡೆಸುವವರೆಲ್ಲ ಸೇರಿದ ಜಾಗತಿಕ ಸಂಘವೊಂದು 1989ರಲ್ಲಿ ಸ್ಥಾಪಿತವಾದುದು ಮಾಸ್ಕೋ ನಗರದಲ್ಲಿಯೇ ಎಂಬುದು ಗಮನಾರ್ಹ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿಯಲ್ಲಿ ಕೆಲಸಗಾರನೊಬ್ಬ ಗಾಳಿಯ ಸೋರಿಕೆಯನ್ನು ಪರೀಕ್ಷಿಸಲು ಹಿಡಿದ ಮೇಣದ ಬತ್ತಿಯಿಂದ ಕೇಬಲ್ಲುಗಳು ಹೊತ್ತಿಕೊಂಡು, ಒಂದು ಕೆಟ್ಟರೆ ಮತ್ತೊಂದಿರಲೆಂದು ಇಟ್ಟಿದ್ದ ರಕ್ಷಣೋಪಾಯಗಳೆಲ್ಲ ಒಟ್ಟಿಗೆ ಕುಂಠಿತವಾದವು. ರಕ್ಷಣೆಯ ಕೇಬಲ್ಲುಗಳನ್ನು ಒಂದೇ ಹಾದಿಯಲ್ಲಿ ಎಳೆಯಬಾರದೆಂಬ ಪಾಠ ಅಂದೇ ಸಿಕ್ಕಿತು. ಆದರೂ ಹದಿನೆಂಟು ವರ್ಷಗಳ ತರುವಾಯ, 1993ರ ಮಾರ್ಚ್ 31ರ ಬೆಳಗಿನ ಜಾವ, ಉತ್ತರಪ್ರದೇಶದ ನರೋರಾದಲ್ಲಿ ಟರ್ಬೈನಿನ ಎರಡು ಅಲಗುಗಳು ಮುರಿದು ಬೆಂಕಿ ಹತ್ತಿದಾಗ, ಮುಖ್ಯ ಕೇಬಲ್ಲುಗಳೂ ಬದಲಿ ಕೇಬಲ್ಲುಗಳೂ ಜೊತೆಯಾಗಿ ಉರಿದವು. ಹದಿನೇಳು ಗಂಟೆಗಳ ಕಾಲ ಸ್ಥಾವರದಲ್ಲಿ ವಿದ್ಯುತ್ತೇ ಇರಲಿಲ್ಲ. ಕೆಲವರು ಬ್ಯಾಟರಿ ದೀಪ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲೇರಿ, ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದಲೇ ತಿರುಗಿಸಿ ಅದನ್ನು ಒಳಗೆ ಹರಿಯಬಿಟ್ಟರು. ವಿಕಿರಣ ಹೊರಗೆ ಬರಲಿಲ್ಲ. ಆಮೇಲೆ ಇತರ ಸ್ಥಾವರಗಳ ಅಲಗುಗಳನ್ನೂ ಪರೀಕ್ಷಿಸಿ ಮಾರ್ಪಡಿಸಿದರು.

ಇನ್ನು ನಮ್ಮ ಕೈಗಾ. ಕಾರವಾರದ ಕಾಡಿನ ನಡುವೆ, ಕಾಳೀ ನದಿಯ ದಡದಲ್ಲಿ, ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಅದರ ಚರಿತ್ರೆಯ ಮೊದಲ ಪುಟವೇ ಒಂದು ಅವಘಡ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ನು ಕಾಂಕ್ರೀಟು ಕಳಚಿ ಬಿದ್ದಿತು. ಹದಿನಾಲ್ಕು ಮಂದಿ ಕೆಲಸಗಾರರಿಗೆ ಗಾಯಗಳಾದವು. ಬಾಗಿದ ಗುಮ್ಮಟದಲ್ಲಿ ಬಿಗಿದೆಳೆದ ಉಕ್ಕಿನ ಕೇಬಲ್ಲುಗಳು ಕಾಂಕ್ರೀಟನ್ನು ಪದರಪದರವಾಗಿ ಸೀಳುವ ಒತ್ತಡವನ್ನು ವಿನ್ಯಾಸಕಾರರು ಸಾಲದಷ್ಟು ಎಣಿಸಿದ್ದರು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಕೆಲಸವನ್ನು ತಡೆದು ತನಿಖೆ ನಡೆಸಿತು; ಅದೇ ವಿನ್ಯಾಸದ ರಾಜಸ್ಥಾನದ ಘಟಕಗಳ ಗುಮ್ಮಟಗಳನ್ನೂ ಬದಲಿಸಬೇಕಾಯಿತು. (ಇದೇ ಮೊದಲ ಘಟಕ 2016ರಲ್ಲಿ, ಅದೂ ಮೇ 13ರಂದೇ, ಓಟವನ್ನು ಆರಂಭಿಸಿ, 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆಯನ್ನು ಮುರಿಯಿತು. ತಾರೀಖುಗಳ ವಿನೋದವೆನ್ನಬೇಕು.)

ಆ ದಾಖಲೆಯನ್ನು ಪತ್ರಿಕೆಗಳು ಕೊಂಡಾಡಿದವು, ತಕ್ಕುದೇ. ಆದರೆ ನನ್ನ ಮಟ್ಟಿಗೆ ಕೈಗಾದ ಹೆಚ್ಚಿನ ಕೀರ್ತಿ ಇರುವುದು ಒಂದು ನೀರಸವಾದ ರಿಜಿಸ್ಟರಿನಲ್ಲಿ. ಅಲ್ಲಿನ ರಿಯಾಕ್ಟರುಗಳು ಭಾರಜಲವನ್ನು ಬಳಸತಕ್ಕವು. ಆ ಜಲದಲ್ಲಿ ಟ್ರೀಷಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ. ದೇಹವನ್ನು ಹೊಕ್ಕರೆ ಅದು ಸಾಮಾನ್ಯ ನೀರಿನೊಡನೆ ಬೆರೆತು, ಹತ್ತು ದಿನಗಳ ಆಸುಪಾಸಿನಲ್ಲಿ ಅರ್ಧದಷ್ಟು ಹೊರಗೆ ಹೋಗುತ್ತದೆ. ಆದುದರಿಂದ ಕೆಲಸಗಾರರ ಮೂತ್ರವನ್ನು ಕ್ರಮತಪ್ಪದೆ ಪರೀಕ್ಷಿಸಿ ಅಂಕಿಗಳನ್ನು ಬರೆದಿಡುವ ವಾಡಿಕೆಯಿದೆ. ವರ್ಷವಿಡೀ ಹೇಳಿಕೊಳ್ಳುವಂಥದೇನೂ ಕಾಣದ ಈ ಅಂಕಿಗಳಲ್ಲಿ 2009ರ ನವೆಂಬರಿನಲ್ಲಿ ಕೆಲವು ಏಕಾಏಕಿ ಮೇಲೆದ್ದವು. ಸ್ಥಾವರದಲ್ಲಿ ಎಲ್ಲಿಯೂ ಸೋರಿಕೆಯಿಲ್ಲ. ಹಾಗಾದರೆ ಇವರೆಲ್ಲರೂ ಸಮಾನವಾಗಿ ಮಾಡಿದ್ದೇನು? ಹುಡುಕುತ್ತ ಹೋದಾಗ ಸಿಕ್ಕಿದ್ದು ಕುಡಿಯುವ ನೀರಿನ ಒಂದು ಕೂಲರು. ಯಾರೋ ಬೇಕೆಂದೇ ಅದಕ್ಕೆ ಟ್ರೀಷಿಯಂ ಬೆರೆತ ಭಾರಜಲವನ್ನು ಸೇರಿಸಿದ್ದರು. ಐವತ್ತಕ್ಕೂ ಹೆಚ್ಚು ಮಂದಿ ಅದನ್ನು ಕುಡಿದಿದ್ದರು. ಇಬ್ಬರಲ್ಲಿ ವಿಕಿರಣದ ಪ್ರಮಾಣ ವಾರ್ಷಿಕ ಮಿತಿಯಾದ 30 ಮಿಲಿಸೀವರ್ಟನ್ನು ಮೀರಿತ್ತು. ಅಂಕಿ ಬರೆಯುವವನು ಬೇಸತ್ತು ಹಿಂದಿನ ವಾರದ್ದನ್ನೇ ನಕಲು ಮಾಡಿದ್ದರೆ, ಆ ಕೂಲರಿನಿಂದ ಇನ್ನೆಷ್ಟು ದಿನ ಇನ್ನೆಷ್ಟು ಜನ ನೀರು ಕುಡಿಯುತ್ತಿದ್ದರೋ!

ಇದು ದುರುದ್ದೇಶದ ಕೃತ್ಯ. ಅದು ಪೊಲೀಸರ ಪಾಲಿನದು. ಆದರೆ ಸ್ಥಾವರಗಳ ಬಹುಪಾಲು ಘಟನೆಗಳು ಅಂಥವಲ್ಲ. ಅವು ಕೈತಪ್ಪು, ಕಣ್ತಪ್ಪು, ಸವೆತ, ಅವಸರಗಳಿಂದ ಆದವು. ಅವುಗಳಿಗೂ ದಂಡವೇ ಮೊದಲ ಉತ್ತರವಾದರೆ ಮುಂದಿನ ಪಾಳಿಯವನು ಬರೆಯುವುದನ್ನೇ ಬಿಡುತ್ತಾನೆ. ರಿಯಾಕ್ಟರಿನ ಒಳಗುಟ್ಟು ಕನ್ನಡದ ಅಧ್ಯಾಪಕನ ವಿದ್ಯೆಯಲ್ಲ, ನಿಜ. ಆದರೆ ವರದಿಯೂ ಒಂದು ಬರವಣಿಗೆಯಷ್ಟೆ, ಅದರ ವ್ಯಾಕರಣವನ್ನು ಕುರಿತು ಒಂದು ಮಾತು ಹೇಳಬಹುದು. ‘ಕವಾಟ ತೆರೆದಿತ್ತು’ ಎಂಬುದು ಕಂಡದ್ದರ ನಿರೂಪಣೆ. ‘ಕವಾಟವನ್ನು ಮುಚ್ಚಲು ಮರೆತರು’ ಎಂಬುದು ಆಗಲೇ ತೀರ್ಪು. ಎರಡನೆಯದನ್ನು ಬರೆದೊಡನೆ ವಿಚಾರಣೆ ಮುಗಿದಂತಾಗುತ್ತದೆ. ಥ್ರೀ ಮೈಲ್ ಐಲೆಂಡಿನಲ್ಲಿ ಯಾರೂ ಮರೆತಿರಲಿಲ್ಲ. ನಿಯಂತ್ರಣ ಫಲಕದ ದೀಪವು ಮುಚ್ಚೆಂಬ ಆಜ್ಞೆ ಹೋದುದನ್ನು ಮಾತ್ರ ತೋರಿಸುತ್ತಿತ್ತು, ಕವಾಟ ನಿಜವಾಗಿ ಮುಚ್ಚಿತೋ ಇಲ್ಲವೋ ಎಂಬುದನ್ನು ತೋರಿಸುತ್ತಿರಲಿಲ್ಲ. ‘ಮರೆತರು’ ಎಂದು ಬರೆದು ಕೈತೊಳೆದುಕೊಂಡಿದ್ದರೆ ಆ ಸುಳ್ಳು ದೀಪ ಇತರ ಸ್ಥಾವರಗಳಲ್ಲಿ ಹಾಗೆಯೇ ಉರಿಯುತ್ತಿತ್ತು.

ನಮ್ಮಲ್ಲಿಯೂ ಸ್ಥಾವರಗಳು ಗಮನಾರ್ಹ ಘಟನೆಗಳನ್ನು ನಿಯಂತ್ರಣ ಮಂಡಳಿಗೆ ವರದಿ ಮಾಡಬೇಕೆಂಬ ಕಟ್ಟಳೆಯಿದೆ. ಗಾಂಭೀರ್ಯಕ್ಕೆ ಅನುಸಾರವಾಗಿ ಅವನ್ನು ಏಳು ಮೆಟ್ಟಿಲುಗಳ ಅಂತರರಾಷ್ಟ್ರೀಯ ಮಾನದಲ್ಲಿ ಅಳೆಯುತ್ತಾರೆ. ನರೋರಾ ಮೂರನೆಯದರಲ್ಲಿ ನಿಂತಿತು. ಮಂಡಳಿಯ ವಾರ್ಷಿಕ ವರದಿಯಲ್ಲಿ ಈ ಘಟನೆಗಳ ಲೆಕ್ಕ ಅಚ್ಚಾಗುತ್ತದೆ, ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ. ಕೈಗಾದ ನೆರೆಯಲ್ಲಿರುವ ಕದ್ರಾ, ಮಲ್ಲಾಪುರಗಳ ಜನಕ್ಕೆ ಅದು ಕನ್ನಡದಲ್ಲಿ ದೊರೆಯಬೇಡವೆ? ವರ್ಷಕ್ಕೊಮ್ಮೆ ನಾಲ್ಕಾರು ಪುಟ ಸಾಕು: ಏನು ಕೆಟ್ಟಿತು, ಹೇಗೆ ತಿಳಿಯಿತು, ಏನನ್ನು ಬದಲಿಸಿದರು. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳು ಕೈಗಾಕ್ಕೆ ಮಂಜೂರಾಗಿವೆ. ಅವುಗಳ ಸುದ್ದಿಯಾದರೂ ಮೊದಲ ವರ್ಷದಿಂದಲೇ ಕನ್ನಡದಲ್ಲಿ ಬರಲಿ. ಅನುವಾದಕ್ಕೆ ಜನ ಬೇಕೆಂದರೆ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ ಆ ಕೆಲಸಕ್ಕೆ ಒದಗುವವರಿದ್ದಾರೆ.