ಸಮಾಜಕಾರ್ಯದ ಪದವಿಗೆ ಎಷ್ಟು ಸಾಲ ಮಾಡಬಹುದು?

ತಮಿಳುನಾಡಿನ ಥೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ನಸುಕಿಗೇ ಹೆಣ್ಣಾಳುಗಳನ್ನು ತುಂಬಿಕೊಂಡ ಜೀಪುಗಳು ಕಂಬಂಮೆಟ್ಟು, ಬೋಡಿಮೆಟ್ಟು ಘಾಟಿ ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತವೆ. ಆ ಕೂಲಿಯ ದುಡ್ಡಿನಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು ಇಲ್ಲಿ ಬಹಳ. ಪದವಿ ಮುಗಿಸಿದ ಅವರಲ್ಲಿ ಕೆಲವರು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯತ್ತ ಹೊರಳುತ್ತಾರೆ. ಊರಿನ ಕಷ್ಟವನ್ನು ಕಂಡುಂಡವರಿಗೆ ಈ ಓದು ಒಗ್ಗುತ್ತದೆ. ಒಗ್ಗದಿರುವುದು ಸಾಲದ ಲೆಕ್ಕ.

ಈ ಸೀಮೆ ಕನ್ನಡಿಗರಿಗೆ ಹೊರಗಿನದಲ್ಲ. ಥೇಣಿ ಜಿಲ್ಲೆಯ ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಓದು ಬರಹ ತಮಿಳು. ಪನ್ನೀರು ದ್ರಾಕ್ಷಿಯ ಚಪ್ಪರ, ತೆಂಗು, ಭತ್ತ ಎಂದು ಬದುಕುವ ಈ ಮನೆಗಳಿಗೆ ಬ್ಯಾಂಕು ಹೊಸತಲ್ಲ. ಆದರೆ ಬೆಳೆಸಾಲ ಬೇರೆ, ಓದಿನ ಸಾಲ ಬೇರೆ. ಬೆಳೆ ಕೈಕೊಟ್ಟರೆ ಮುಂದಿನ ಫಸಲಾದರೂ ಇದೆ. ಸಂಬಳ ಕಡಿಮೆ ಎಂದು ಗೊತ್ತಾಗುವ ಹೊತ್ತಿಗೆ ಪದವಿ ಮುಗಿದು ಕಂತು ಶುರುವಾಗಿರುತ್ತದೆ.

ಮೊದಲು ಸಂಬಳ ನೋಡೋಣ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಈ ಪದವೀಧರರು ಸಹಜವಾಗಿ ಕಣ್ಣಿಡುವ ಜಾಗ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಅಲ್ಲಿನ ಸಮಾಜ ಕಾರ್ಯಕರ್ತರಿಗೂ ಆಪ್ತಸಮಾಲೋಚಕರಿಗೂ ತಿಂಗಳಿಗೆ 18,536 ರೂಪಾಯಿ, ರಕ್ಷಣಾಧಿಕಾರಿಗೆ 27,804 ರೂಪಾಯಿ ನಿಗದಿಯಾಗಿದೆ. ಹಳ್ಳಿ ಹಳ್ಳಿ ಸುತ್ತುವ ಕ್ಷೇತ್ರ ಕಾರ್ಯಕರ್ತರಿಗೆ 10,592. ನೇಮಕ ಗುತ್ತಿಗೆಯ ಮೇಲೆ. ಬಾಲ್ಯವಿವಾಹ ತಡೆಯುವುದು, ದಿಕ್ಕಿಲ್ಲದ ಮಗುವಿಗೆ ನೆಲೆ ಹುಡುಕುವುದು, ಎಲ್ಲಕ್ಕೂ ಸೇರಿ ಈ ದುಡ್ಡು.

ಈಗ ಸಾಲ. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷದವರೆಗೆ ಜಾಮೀನು, ಅಡಮಾನ ಬೇಕಿಲ್ಲ. ಸುಲಭವಾಗಿ ಸಿಗುತ್ತದೆ ಎಂದೇ ಬಹಳ ಜನ ಅಷ್ಟನ್ನೂ ತೆಗೆಯುತ್ತಾರೆ. ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳಿ. ದೊಡ್ಡ ಊರಿನ ಖಾಸಗಿ ಕಾಲೇಜು, ಹಾಸ್ಟೆಲ್ಲು, ವರ್ಷಕ್ಕೆ 2 ಲಕ್ಷದಂತೆ ಎರಡು ಕಂತಿನಲ್ಲಿ ಸಾಲ, ಬಡ್ಡಿ ಶೇ 10. ಓದುವ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಸರಳ ಬಡ್ಡಿಯೇ ಆದರೂ ಆ ಅವಧಿಯಲ್ಲಿ ಒಂದು ಲಕ್ಷ ಬೆಳೆದು ಸಾಲ 5 ಲಕ್ಷವಾಗುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,600 ರೂಪಾಯಿ. 18,536ರಲ್ಲಿ ಅದು ಮೂರನೇ ಒಂದು ಪಾಲಿಗಿಂತ ಹೆಚ್ಚು. ಉಳಿದದ್ದರಲ್ಲಿ ಬಾಡಿಗೆ, ಊಟ, ಬಸ್ಸು, ಮನೆಗೆ ಕಳಿಸುವುದು. ಹದಿನೈದು ವರ್ಷಕ್ಕೆ ಎಳೆದರೆ ಕಂತು 5,400ರ ಹತ್ತಿರ ಇಳಿಯುತ್ತದೆ, ಒಟ್ಟು ಕಟ್ಟುವುದು ಮಾತ್ರ ಒಂಬತ್ತೂವರೆ ಲಕ್ಷ ದಾಟುತ್ತದೆ.

ಇನ್ನೊಂದು ಸಂಗತಿಯನ್ನು ಬ್ಯಾಂಕಿನ ಮೇಜಿನ ಮುಂದೆ ಯಾರೂ ಬಿಡಿಸಿ ಹೇಳುವುದಿಲ್ಲ. ಅರ್ಜಿಯಲ್ಲಿ ಅಪ್ಪ ಅಥವಾ ಅಮ್ಮ ಸಹ ಸಾಲಗಾರರು. ಮಗಳ ಕಂತು ತಪ್ಪಿದರೆ ಅಪ್ಪನ ಸಿಬಿಲ್ ಅಂಕವೂ ಕುಸಿಯುತ್ತದೆ. ಮುಂದಿನ ವರ್ಷ ತೋಟಕ್ಕೆ ಸಾಲ ಕೇಳಲು ಹೋದಾಗ ಅದು ಎದುರಾಗುತ್ತದೆ. ಆಗ ಒಡವೆ ಅಡವಿಡಬೇಕು, ಇಲ್ಲವೇ ಕಂದುವಟ್ಟಿಯವರ, ಅಂದರೆ ಮೀಟರ್ ಬಡ್ಡಿಯವರ ಮನೆ ಬಾಗಿಲು ತಟ್ಟಬೇಕು.

ಹಾಗಾದರೆ ಈ ಓದೇ ಬೇಡವೇ? ಖಂಡಿತ ಬೇಕು, ದಾರಿ ಬೇರೆ ಹಿಡಿಯಬೇಕು. ಪಕ್ಕದ ದಿಂಡಿಗಲ್‌ನಿಂದ ಮದುರೈಗೆ ಹೋಗುವ ಹಾದಿಯಲ್ಲಿ, ಮಗ್ಗಗಳ ಊರಾದ ಚಿನ್ನಾಳಪಟ್ಟಿಯ ಪಕ್ಕದಲ್ಲೇ ಗಾಂಧಿಗ್ರಾಮ ಇದೆ. ವೈದ್ಯೆ ಟಿ.ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ 1947ರಲ್ಲಿ ಕಟ್ಟಿದ ಸಂಸ್ಥೆ. 1956ರಲ್ಲಿ ಅಲ್ಲಿ ಗ್ರಾಮೀಣ ಶಿಕ್ಷಣ ಸಂಸ್ಥೆ ಹುಟ್ಟಿತು, 1976ರಲ್ಲಿ ಅದು ಪರಿಗಣಿತ ವಿಶ್ವವಿದ್ಯಾಲಯವಾಯಿತು. ಗ್ರಾಮಾಭಿವೃದ್ಧಿ ಅಲ್ಲಿನ ಓದಿನ ಬೆನ್ನೆಲುಬು, ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ಕಲಿಯುವುದು ಪಾಠದ ಭಾಗ. ಸರ್ಕಾರದ ಹಣದಲ್ಲಿ ನಡೆಯುವ ಇಂಥ ಸಂಸ್ಥೆಯಲ್ಲೋ ಸರ್ಕಾರಿ, ಅನುದಾನಿತ ಕಾಲೇಜಿನಲ್ಲೋ ಸೀಟು ಸಿಕ್ಕಿ ಸಾಲ 80,000ಕ್ಕೆ ನಿಂತರೆ, ಅದೇ ಲೆಕ್ಕದಲ್ಲಿ ಕಂತು ಐದು ವರ್ಷ, ತಿಂಗಳಿಗೆ 2,125 ರೂಪಾಯಿ. 18,536ರ ಸಂಬಳ ಅದನ್ನು ತಾಳುತ್ತದೆ.

ಹತ್ತಿರದ ಕಾಲೇಜಿಗೆ ಇನ್ನೊಂದು ಗುಣವಿದೆ. ಎಂಎಸ್‌ಡಬ್ಲ್ಯು ಓದುವವರು ಸಾಮಾನ್ಯವಾಗಿ ವಾರಕ್ಕೆರಡು ದಿನ ಕ್ಷೇತ್ರಕಾರ್ಯಕ್ಕೆ ಹೋಗಬೇಕು, ಅದಕ್ಕೆ ಬಹುಮಟ್ಟಿಗೆ ಸಂಬಳವಿಲ್ಲ, ಬಸ್ ಚಾರ್ಜೂ ತಮ್ಮದೇ. ಮನೆಯಿಂದ ಓಡಾಡಿದರೆ ಆ ಖರ್ಚು ತಗ್ಗುತ್ತದೆ. ಕೆಲಸಕ್ಕೆ ಬೇಕಾದ ಪರಿಚಯಗಳೂ ಇಲ್ಲೇ ಬೆಳೆಯುತ್ತವೆ. ದಿಂಡಿಗಲ್ ಸುತ್ತಿನ ನೂಲಿನ ಗಿರಣಿಗಳಲ್ಲಿ ಈ ಓದಿಗೆ ಕಾನೂನೇ ಜಾಗ ಮಾಡಿದೆ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತ್ತು, 2020ರ ಕಾರ್ಮಿಕ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿತು. ಮದುವೆಯ ಹೊತ್ತಿಗೆ ಒಟ್ಟಿಗೆ ದುಡ್ಡು ಕೊಡುತ್ತೇವೆಂದು ಹುಡುಗಿಯರನ್ನು ವರ್ಷಗಟ್ಟಲೆ ದುಡಿಸಿಕೊಂಡ ‘ಸುಮಂಗಲಿ’ ಪದ್ಧತಿಯನ್ನು ಕಂಡ ಸೀಮೆಯಿದು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು 2022ರ ಏಪ್ರಿಲ್‌ನಲ್ಲಿ ಕಾರ್ಮಿಕ ಸಂಘ ಮತ್ತು ಉಡುಪು ಕಂಪನಿಯ ನಡುವೆ ದಿಂಡಿಗಲ್ ಒಪ್ಪಂದ ಆದದ್ದೂ ಇಲ್ಲೇ. ತರಬೇತಾದ ಸಮಾಜ ಕಾರ್ಯಕರ್ತರು ಇಲ್ಲಿಗಿಂತ ಹೆಚ್ಚು ಬೇಕಾದ ಜಾಗ ಯಾವುದು?

ಅಂಥವರಿಗೆ ಇಷ್ಟು ಕಡಿಮೆ ಸಂಬಳ ಕೊಟ್ಟು ಸಾಲದ ಭಾರವನ್ನೂ ಹೊರಿಸುವುದು ಅನ್ಯಾಯ. ಅಮೆರಿಕದಲ್ಲಿ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ದುಡಿಯುತ್ತ 120 ಕಂತು ಕಟ್ಟಿದವರ ಉಳಿದ ಕೇಂದ್ರ ಸರ್ಕಾರಿ ಸಾಲವನ್ನು ಮನ್ನಾ ಮಾಡುವ ಕಾನೂನು 2007ರಲ್ಲೇ ಬಂತು. ನಮ್ಮಲ್ಲಿ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿರುವ ಮನೆಗಳಿಗೆ ಓದುವ ಅವಧಿಯ ಬಡ್ಡಿ ತುಂಬಿಕೊಡುವ ಕೇಂದ್ರ ಯೋಜನೆ ಇದೆ, ಆದರೆ ಅದು ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ. ನಿಮ್ಮ ಕಾಲೇಜಿನ ಎಂಎಸ್‌ಡಬ್ಲ್ಯು ಅದರೊಳಗೆ ಬರುತ್ತದೆಯೇ ಎಂದು ಬ್ಯಾಂಕಿನಿಂದ ಬರಹದಲ್ಲೇ ಉತ್ತರ ಪಡೆಯಿರಿ. ಕೈಲಾದರೆ ಓದುವಾಗಲೇ ತಿಂಗಳ ಬಡ್ಡಿ ಕಟ್ಟಿಬಿಡಿ.

ಸಹಿ ಹಾಕುವ ಮುನ್ನ ಮಕ್ಕಳ ರಕ್ಷಣಾ ಘಟಕದ ನೇಮಕಾತಿ ಪ್ರಕಟಣೆಯೊಂದನ್ನು ತಂದು ಸಾಲದ ಕಾಗದದ ಪಕ್ಕ ಇಡಿ. ಕಂತು ಆ ಸಂಬಳದ ಎಂಟನೇ ಒಂದು ಪಾಲನ್ನು ಮೀರುವುದಾದರೆ ಆ ಕಾಲೇಜನ್ನು ಬಿಡಿ, ಓದನ್ನು ಬಿಡಬೇಡಿ.