ತಿತಿಮತಿಯ ಕಾಡಿನಲ್ಲಿ ದಿಕ್ಸೂಚಿ

ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ ತಿತಿಮತಿಯು ಸಿಕ್ಕುವುದನ್ನು ತಾವು ಬಲ್ಲಿರಿ. ಹತ್ತಿರದಲ್ಲಿ ತೇಗದ ತೋಪುಗಳು, ಅವುಗಳಾಚೆ ನಾಗರಹೊಳೆಯ ಅರಣ್ಯ. ಆಷಾಢದ ಮೋಡವು ಕವಿದುಕೊಂಡಾಗ ಅಲ್ಲಿ ಹಗಲು ಸೂರ್ಯನಿಲ್ಲ, ಇರುಳು ನಕ್ಷತ್ರವಿಲ್ಲ. ಮರದ ಸಾಲುಗಳೆಲ್ಲವೂ ಒಂದೇ ತೆರನಾಗಿ ತೋರುವುವು. ಆಗ ದಿಕ್ಕನ್ನು ಹೇಳಬಲ್ಲುದು ದಿಕ್ಸೂಚಿಯ ಮುಳ್ಳು. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಈ ಹೊತ್ತಿನ ವಿಷಯ.

ಹೊಲಿಗೆಯ ಸೂಜಿಯೊಂದನ್ನು ಅಯಸ್ಕಾಂತದಿಂದ ಒಂದೇ ಕಡೆಗೆ ಇಪ್ಪತ್ತು ಮೂವತ್ತು ಸಲ ತೀಡಿ, ನೀರಿನಲ್ಲಿ ತೇಲುವ ಎಲೆಯ ಮೇಲೆ ಇಡಿರಿ. ಎಲೆಯು ಮೆಲ್ಲನೆ ತಿರುಗಿ, ಸೂಜಿಯು ಉತ್ತರ ದಕ್ಷಿಣವಾಗಿ ನಿಲ್ಲುವುದು. ಅದನ್ನು ತಿರುಗಿಸುವ ಮಹಾ ಅಯಸ್ಕಾಂತವು ಭೂಮಿಯೇ ಎಂದು 1600ರಲ್ಲಿ ವಿಲಿಯಂ ಗಿಲ್ಬರ್ಟನೆಂಬ ಆಂಗ್ಲ ವೈದ್ಯನು ಪ್ರತಿಪಾದಿಸಿದನು. ಹಾಗೆಂದು ಭೂಗರ್ಭದಲ್ಲಿ ಸೂಜಿಗಲ್ಲಿನ ಬಂಡೆಯೊಂದು ಹೂತಿದೆಯೆಂದು ಭಾವಿಸಬಾರದು. ಕಬ್ಬಿಣವು ಸುಮಾರು 770 ಡಿಗ್ರಿ ಸೆಂಟಿಗ್ರೇಡಿಗೆ ಕಾದರೆ ಕಾಂತಗುಣವನ್ನು ಕಳೆದುಕೊಳ್ಳುವುದು. ಭೂಗರ್ಭವಾದರೋ ಅದಕ್ಕಿಂತ ಎಷ್ಟೋ ಬಿಸಿ. ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣವು ಹೊರಳಾಡುತ್ತಿದ್ದು, ಅದರಲ್ಲಿ ಹರಿಯುವ ವಿದ್ಯುತ್ತೇ ಈ ಶಕ್ತಿಗೆ ಮೂಲ.

ಮುಳ್ಳು ತಿರುಗುವುದಲ್ಲದೆ ಬಾಗಲೂ ಎಳಸುವುದು. ಲಂಡನ್ನಿನಲ್ಲಿ ಅದರ ಉತ್ತರದ ತುದಿಯು ಸುಮಾರು 66 ಡಿಗ್ರಿ ನೆಲದ ಕಡೆಗೆ ಸೆಳೆಯಲ್ಪಡುವುದು. ಈ ಬಾಗೇ ಇಲ್ಲದ ಕಾಂತೀಯ ಸಮಭಾಜಕವು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ, ತಿತಿಮತಿಯಲ್ಲಿ ಅದು ಹತ್ತು ಡಿಗ್ರಿಯ ಆಸುಪಾಸು ಮಾತ್ರ. ಲಂಡನ್ನಿಗೆಂದು ತೂಕ ಸರಿಪಡಿಸಿದ ದಿಕ್ಸೂಚಿಯನ್ನು ಇಲ್ಲಿಗೆ ತಂದರೆ ದಕ್ಷಿಣದ ತುದಿಯು ಕೆಳಗಿಳಿದು, ತಳಕ್ಕೆ ತಾಗಿ, ಮುಳ್ಳು ಸರಾಗವಾಗಿ ಆಡದೆ ಹೋಗಬಹುದು. ಕೊಳ್ಳುವವರು ಇದನ್ನು ವಿಚಾರಿಸಿಯೇ ಕೊಳ್ಳಬೇಕು.

ಮುಳ್ಳಿನ ಉತ್ತರವೂ ಧ್ರುವದ ಉತ್ತರವೂ ಒಂದೇ ಅಲ್ಲ. ಕೊಡಗಿನಲ್ಲಿ ಈಗ ಮುಳ್ಳು ಒಂದೆರಡು ಡಿಗ್ರಿ ಪಶ್ಚಿಮಕ್ಕೆ ವಾಲಿದೆ; ಡಿಗ್ರಿಯೊಂದಕ್ಕೆ ಕಿಲೋಮೀಟರಿನಲ್ಲಿ ಸುಮಾರು 17 ಮೀಟರ್ ದಾರಿ ತಪ್ಪುವುದು. ಇದು ಅಲ್ಪ. ಹೆಚ್ಚಿನ ಮೋಸವು ನಮ್ಮ ಮೈಮೇಲೆಯೇ ಇರುವುದು: ಸೊಂಟದ ಕತ್ತಿ, ಹೆಗಲಿನ ಕೋವಿ, ಜೇಬಿನ ಮೊಬೈಲು.

ವಿದ್ಯುತ್ತೂ ಕಡಿಮೆಯ ವೈರಿಯಲ್ಲ. ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಕಾಂತಶಕ್ತಿಯನ್ನು ಅಳೆಯುತ್ತಿದ್ದರು. ನಗರಕ್ಕೆ ವಿದ್ಯುತ್ ಟ್ರಾಮು ಬರುವುದೆಂದಾದ ಮೇಲೆ ಆ ಕೆಲಸವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿ, ಅಲ್ಲಿನ ಕಟ್ಟಡವನ್ನು ಕಬ್ಬಿಣ ಸೋಕದಂತೆ ಪೋರಬಂದರಿನ ಕಲ್ಲಿನಿಂದ ಕಟ್ಟಿದರು.

ಕಾಡಿಗೆ ಹೋಗುವವರು ಅಷ್ಟೇನೂ ಮಾಡಬೇಕಾಗಿಲ್ಲ. ಕತ್ತಿ ಕೋವಿಗಳನ್ನು ನಾಲ್ಕು ಹೆಜ್ಜೆ ದೂರ ಇಟ್ಟು ಬಂದು, ಮುಳ್ಳನ್ನು ಮತ್ತೊಮ್ಮೆ ನೋಡಿರಿ. ಅದು ಬೇರೆ ಕಡೆಗೆ ನಿಂತರೆ, ಮೊದಲು ಕಂಡದ್ದು ಕತ್ತಿಯು ತೋರಿಸಿದ ಉತ್ತರ.