ದುರ್ವಾಸನೆ ಮರದ ರೆಂಬೆಗಳಲ್ಲಿರುವ ಔಷಧಸತ್ವ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ದುರ್ವಾಸನೆ ಮರವೆಂಬ ಸಣ್ಣ ವೃಕ್ಷವೊಂದುಂಟು. ಇದರ ಹೂವು ಕೆಟ್ಟ ನಾತವನ್ನು ಬೀರುವುದರಿಂದ ಈ ಹೆಸರು ಬಂದಿರುವುದು. ಮರಾಠಿಯಲ್ಲಿ ಇದನ್ನು ನರಕ್ಯಾ ಎನ್ನುವರು. ಈಚೆಗೆ ಸಂಚಾರಕಾಲದಲ್ಲಿ ಹಿಡುವಳಿದಾರರೊಬ್ಬರು, ಅರ್ಬುದರೋಗದಿಂದ ನರಳುತ್ತಿರುವ ತಮ್ಮ ತಾಯಿಯವರಿಗೆ ಇದರ ರೆಂಬೆಗಳ ಕಷಾಯವನ್ನು ಕೊಡಬಹುದೇ ಎಂದು ನನ್ನನ್ನು ಕೇಳಿದರು. ಕೂಡದೆಂದು ಹೇಳಿದೆನು. ಅದರ ಕಾರಣವನ್ನು ಗ್ರಾಮಮುಖ್ಯರೆಲ್ಲರೂ ತಿಳಿದಿರುವುದು ಅವಶ್ಯಕ.

1966ನೆಯ ಇಸವಿಯಲ್ಲಿ ಮನ್ರೋ ವಾಲ್, ಮನ್ಸುಖ್ ವಾಣಿ ಮೊದಲಾದ ರಸಾಯನಶಾಸ್ತ್ರಜ್ಞರು ಅಮೆರಿಕದಲ್ಲಿ, ಚೀನಾದೇಶದ ಮರವೊಂದರಿಂದ ಕ್ಯಾಂಪ್ಟೋಥೆಸಿನ್ ಎಂಬ ಸತ್ವವನ್ನು ಬೇರ್ಪಡಿಸಿ ಅದರ ರಚನೆಯನ್ನು ಪ್ರಕಟಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬುವರು ಅದೇ ಸತ್ವವು ನಮ್ಮ ದುರ್ವಾಸನೆ ಮರದಲ್ಲಿಯೂ ಇರುವುದೆಂದು ತೋರಿಸಿದರು. ಬೇರು, ಕಾಂಡ, ರೆಂಬೆ, ಎಲೆಗಳಲ್ಲಿ ಇದು ಹೆಚ್ಚುಕಡಿಮೆಯಾಗಿ ಹರಡಿಕೊಂಡಿರುವುದು.

ದೇಹದ ಜೀವಕೋಶವು ಎರಡಾಗುವಾಗ ಅದರೊಳಗಿನ ಡಿ.ಎನ್.ಎ. ಎಂಬ ಹುರಿಯು ಬಿಚ್ಚಿಕೊಳ್ಳಬೇಕು. ಆಗ ಹುರಿಯ ತೊಡಕನ್ನು ಬಿಡಿಸಲು ಒಂದು ಕಿಣ್ವವು ಅದರ ಒಂದು ಎಳೆಯನ್ನು ಕತ್ತರಿಸಿ ಮತ್ತೆ ಕೂಡಿಸುವುದು. ಈ ಸತ್ವವು ಕತ್ತರಿಸಿದ ಸ್ಥಳದಲ್ಲಿ ಸಿಕ್ಕಿಕೊಂಡು, ಕೂಡಿಸುವ ಕೆಲಸವನ್ನು ತಡೆಯುವುದು, ಕೋಶವು ಸಾಯುವುದು. ಅರ್ಬುದದ ಕೋಶಗಳು ಬೇಗಬೇಗನೆ ಒಡೆಯುವುದರಿಂದ ಅವುಗಳಿಗೆ ಪೆಟ್ಟು ಹೆಚ್ಚು. ಆದರೆ ರಕ್ತವನ್ನು ಹುಟ್ಟಿಸುವ ಮಜ್ಜೆಯ ಕೋಶಗಳೂ ಕರುಳಿನ ಕೋಶಗಳೂ ಹಾಗೆಯೇ ಒಡೆಯುವುವಾದ್ದರಿಂದ ಅವುಗಳಿಗೂ ಹಾನಿ ತಪ್ಪದು. ಶುದ್ಧ ಸತ್ವದಿಂದಲೇ ಮೂತ್ರಕೋಶಕ್ಕೆ ತೀವ್ರ ಬಾಧೆಯುಂಟಾದುದು 1970ರ ದಶಕದ ಪರೀಕ್ಷೆಗಳಲ್ಲಿ ಕಂಡುಬಂದಿತು. ಬಳಿಕ ಅದನ್ನು ಮಾರ್ಪಡಿಸಿ ತಯಾರಿಸಿದ ಟೋಪೋಟಿಕಾನ್, ಇರಿನೋಟಿಕಾನ್ ಎಂಬ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇವನ್ನು ವೈದ್ಯರು ರಕ್ತಪರೀಕ್ಷೆ ಮಾಡುತ್ತ, ಅಳೆದು ಕೊಡುವರು. ಮನೆಯ ಕಷಾಯದಲ್ಲಿ ಸತ್ವವೆಷ್ಟೆಂದು ಅಳೆಯುವವರಾರು?

ಆದುದರಿಂದ ಈ ಕೆಳಗಿನ ವಿಷಯಗಳನ್ನು ಗಮನಿಸತಕ್ಕದ್ದು:

1. ಈ ಮರದ ಯಾವ ಭಾಗವನ್ನೂ ಮನೆಮದ್ದಾಗಿ ಕೊಡಕೂಡದು. ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸತಕ್ಕದ್ದು.

2. ಸತ್ವದ ಆಸೆಯಿಂದ ವ್ಯಾಪಾರಿಗಳು ಬುಡಸಹಿತ ಮರಗಳನ್ನು ಕೀಳಿಸಿದ್ದರಿಂದ ಘಟ್ಟದ ಹಲವೆಡೆ ಇವು ವಿರಳವಾಗಿವೆ. ಕಾಡಿನ ಮರಕ್ಕೆ ಕೈ ಹಚ್ಚಲಾಗದು. ಸ್ವಂತ ಜಮೀನಿನದಾದರೂ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸತಕ್ಕದ್ದು.

3. ಬುಡವನ್ನು ಉಳಿಸಿ ರೆಂಬೆಗಳನ್ನು ಮಾತ್ರ ಸವರಿದರೆ ಮರವು ಮತ್ತೆ ಚಿಗುರುವುದು; ಬೇರು ಕಿತ್ತರೆ ಅಲ್ಲಿಗೆ ಮುಗಿಯಿತು. ಹಣ್ಣು ಬಿಡುವ ಮರಗಳನ್ನು ಬೀಜಕ್ಕಾಗಿ ಬಿಡತಕ್ಕದ್ದು.

ಇದನ್ನು ಊರಿನವರಿಗೆ ತಿಳಿಯಹೇಳಿದರೆ ಮನುಷ್ಯರ ಪ್ರಾಣವೂ ಮರದ ಪ್ರಾಣವೂ ಉಳಿದಾವು.